ಫಾರ್ಮ್ಯಾಟ್ ಮಾಡದೆ ಪ್ರಿಂಟರ್ ಡ್ರೈವರ್ ಕಿತ್ತ ಬಗೆ: ನನ್ನ ಅನುಭವ

ಪ್ರಿಂಟರನ್ನು ಕಂಪ್ಯೂಟರಿಗೆ ಹೊಂದಿಸುವ ತಂತ್ರಾಂಶ, ಅಂದರೆ ಡ್ರೈವರ್, ತೆಗೆದರೂ ಹೋಗುತ್ತಿಲ್ಲ ಎಂದರೆ ಇಡೀ ಕಂಪ್ಯೂಟರನ್ನೇ ಫಾರ್ಮ್ಯಾಟ್ ಮಾಡಿ ಕೈತೊಳೆದುಕೊಳ್ಳುವುದು ನಮ್ಮ ತಿಪಟೂರಿನ ರಿಪೇರಿ ಅಂಗಡಿಗಳಲ್ಲಿ ನಡೆದುಬಂದ ಪದ್ಧತಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ನಾನು ಫಾರ್ಮ್ಯಾಟ್ ಮಾಡುವುದಿಲ್ಲ ಎಂದಾಗ ನಕ್ಕವರಿದ್ದಾರೆ. "ಐನೂರು ರೂಪಾಯಿ ಕೆಲಸಕ್ಕೆ ವಾರವಿಡೀ ಕೂರುತ್ತೀಯಾ" ಎಂದು ಹಂಗಿಸಿದವರೂ ಇದ್ದಾರೆ. ಈಗ ಅವರೇ ಮೊಂಡು ಕೇಸು ಬಂದರೆ ನನ್ನ ಅಂಗಡಿ ತೋರಿಸುತ್ತಾರೆ. ಬರೆಯಲು ಕೂತಿದ್ದು ಅದಕ್ಕೇ. ಡಿವೈಸ್ ಮ್ಯಾನೇಜರ್ ಎಲ್ಲಿದೆ, ಅಡ್ಮಿನ್ ಪ್ರಾಂಪ್ಟ್ ತೆರೆಯುವುದು ಹೇಗೆ ಎಂಬುದನ್ನೆಲ್ಲ ಹೇಳುತ್ತಾ ಹೋಗುವುದಿಲ್ಲ. ಅದು ಗೊತ್ತಿಲ್ಲದವರು ಈ ಕೆಲಸಕ್ಕೆ ಕೈಹಾಕದಿರುವುದೇ ಒಳ್ಳೆಯದು.

ನನಗೆ ಪಾಠ ಕಲಿಸಿದ್ದು ಒಂದು ಡಿಟಿಪಿ ಅಂಗಡಿಯ ಯಂತ್ರ. ಉಪನೋಂದಣಿ ಕಚೇರಿಯ ಹತ್ತಿರದ ಅಂಗಡಿ, ದಿನವಿಡೀ ಕ್ರಯಪತ್ರ, ಕರಾರು, ಅಫಿಡವಿಟ್. ಎಲ್ಲವೂ ಲೀಗಲ್ ಅಳತೆಯ ಕಾಗದ. ಹಳೆಯ ಲೇಸರ್ ಪ್ರಿಂಟರ್ ಹತ್ತು ವರ್ಷ ತಕರಾರಿಲ್ಲದೆ ದುಡಿದಿತ್ತು. ಒಂದು ಬೆಳಿಗ್ಗೆ ಅಪ್‌ಡೇಟ್ ಆಗಿ ಎದ್ದ ಮೇಲೆ ಅದರ ಡ್ರೈವರ್ ಬದಲಾಗಿತ್ತು. ಎ4 ಸರಿಯಾಗಿ ಬರುತ್ತಿತ್ತು, ಲೀಗಲ್ ಮಾತ್ರ ಸುಮಾರು ಅರ್ಧ ಇಂಚು ಕೆಳಗೆ ಜಾರುತ್ತಿತ್ತು. ಬಿಳಿ ಹಾಳೆಯಾದರೆ ಹರಿದು ಎಸೆಯಬಹುದು. ಛಾಪಾ ಕಾಗದದ ಮೇಲೆ ಕೊನೆಯ ಸಾಲು, ಸಹಿಯ ಜಾಗ ಕತ್ತರಿಸಿಹೋದರೆ ಗಿರಾಕಿಯ ಕೈಗೆ ದುಡ್ಡು ವಾಪಸು ಕೊಡಬೇಕು. ಮೂರ್ನಾಲ್ಕು ಛಾಪಾ ಕಾಗದ ಹಾಳಾದ ಮೇಲೆ ಮಾಲೀಕರು ನನಗೆ ಫೋನ್ ಮಾಡಿದರು.

ಹೊಸ ಡ್ರೈವರ್ ತೆಗೆದು ಹಳೆಯದನ್ನು ಹಾಕಿದರೆ ಮುಗಿಯಿತು ಎಂದುಕೊಂಡು ಹೋದೆ. ಕಂಟ್ರೋಲ್ ಪ್ಯಾನೆಲ್‌ನಿಂದ ಅನ್‌ಇನ್‌ಸ್ಟಾಲ್ ಮಾಡಿ, ಹಳೆಯ ಸಿಡಿಯಿಂದ ಇನ್‌ಸ್ಟಾಲ್ ಮಾಡಿ, ಕೇಬಲ್ ಚುಚ್ಚಿದೆ. ಮತ್ತೆ ಹೊಸದೇ ಬಂದು ಕೂತಿತು. ಕಾರಣ ನಿಮಗೂ ಗೊತ್ತಿರುತ್ತದೆ: ವಿಂಡೋಸ್ ಪ್ರತಿಯೊಂದು ಡ್ರೈವರ್ ಪ್ಯಾಕೇಜಿನ ಪ್ರತಿಯನ್ನು ಡ್ರೈವರ್‌ಸ್ಟೋರ್‌ನ ಫೈಲ್‌ರೆಪೊಸಿಟರಿ ಫೋಲ್ಡರಿನಲ್ಲಿ ಇಟ್ಟುಕೊಂಡಿರುತ್ತದೆ. ಕೇಬಲ್ ಚುಚ್ಚಿದೊಡನೆ ಅಲ್ಲಿರುವುದರಲ್ಲಿ ಹೆಚ್ಚು ಹೊಂದುವುದನ್ನು, ಸಮಬಲವಾದರೆ ಹೊಸ ತಾರೀಖಿನದನ್ನು ಆರಿಸಿಕೊಳ್ಳುತ್ತದೆ. ಅಂದರೆ ಸ್ಟೋರ್‌ನಿಂದ ಹೊಸದು ಹೋಗದೆ ಹಳೆಯದಕ್ಕೆ ಜಾಗವಿಲ್ಲ. ಸ್ಟೋರ್‌ನಿಂದ ತೆಗೆಯಲು ಹೋದರೆ "ಡ್ರೈವರ್ ಬಳಕೆಯಲ್ಲಿದೆ" ಎಂಬ ಸಂದೇಶ. ಕೇಬಲ್ ಕಿತ್ತಿದ್ದೇನೆ, ಪ್ರಿಂಟರ್ ಸ್ವಿಚ್ ಆಫ್ ಆಗಿದೆ, ಪಟ್ಟಿಯಲ್ಲಿ ಅದರ ಹೆಸರೂ ಇಲ್ಲ. ಬಳಸುತ್ತಿರುವವರು ಯಾರು ಸ್ವಾಮಿ?

ಈ ಪ್ರಶ್ನೆಗೆ ಉತ್ತರ ಹುಡುಕುವುದೇ ಕೆಲಸ. ಉಳಿದದ್ದೆಲ್ಲ ಬೆರಳಿನ ಅಭ್ಯಾಸ. ಆದರೆ ಅಲ್ಲಿಗೆ ತಲುಪುವ ಮೊದಲು ಸಾಕಷ್ಟು ದುಡ್ಡು, ಸಮಯ ಮಣ್ಣಾಯಿತು.

ಮೊದಲು ಹೋದದ್ದು ಒಂದು "ಡ್ರೈವರ್ ಕ್ಲೀನರ್" ತಂತ್ರಾಂಶಕ್ಕೆ. ಸಾವಿರದ ಇನ್ನೂರೋ ಮುನ್ನೂರೋ ಕೊಟ್ಟೆ. ಅದು ಪ್ರಿಂಟರ್ ಡ್ರೈವರನ್ನು ಮುಟ್ಟಲಿಲ್ಲ, ಬದಲಿಗೆ ಸೌಂಡ್, ವೈಫೈ ಡ್ರೈವರ್‌ಗಳೆಲ್ಲ ಹಳತಾಗಿವೆ ಎಂದು ಕೆಂಪು ಬಣ್ಣದಲ್ಲಿ ಹೆದರಿಸಿ ಇನ್ನಷ್ಟು ಡ್ರೈವರ್ ಇಳಿಸಿತು. ಮುಂದಿನ ವರ್ಷ ಹೇಳದೆ ಕೇಳದೆ ಕಾರ್ಡಿನಿಂದ ಮತ್ತೆ ಹಣ ಕತ್ತರಿಸಿತು. ಇಂಥವುಗಳ ಹತ್ತಿರ ಸುಳಿಯಬೇಡಿ. ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್ ಎಂಬ ಉಚಿತ ತಂತ್ರಾಂಶದ ಮಾತು ಬೇರೆ, ಅದು ನಿಜವಾಗಿಯೂ ಕೆಲಸ ಮಾಡುತ್ತದೆ. ನೆಟ್ ಕಿತ್ತು, ಸೇಫ್ ಮೋಡ್‌ನಲ್ಲಿ ಓಡಿಸಬೇಕು. ಆದರೆ ಅದು ಗ್ರಾಫಿಕ್ಸ್, ಆಡಿಯೋಗೆ. ಪ್ರಿಂಟರಿಗೆ ಅದರಿಂದ ಉಪಯೋಗವಿಲ್ಲ.

ಇನ್ನೊಂದು ಪ್ರಯೋಗವನ್ನು ಅಂಗಡಿಯ ಹಳೆಯ ಹಾರ್ಡ್ ಡಿಸ್ಕಿನ ಮೇಲೆ ಮಾಡಿದೆ. ಲಿನಕ್ಸ್ ಪೆನ್‌ಡ್ರೈವಿನಿಂದ ಬೂಟ್ ಮಾಡಿ, ಫೈಲ್‌ರೆಪೊಸಿಟರಿಯೊಳಗಿನ ಆ ಪ್ರಿಂಟರಿನ ಫೋಲ್ಡರನ್ನೇ ಅಳಿಸಿದರೆ ಹೇಗೆ? ಯಾರೂ ತಡೆಯುವುದಿಲ್ಲ, ಒಂದೇ ಏಟಿಗೆ ಹೋಗುತ್ತದೆ. ವಿಂಡೋಸ್ ಕೂಡ ಎದ್ದಿತು. ಆದರೆ ಫೋಲ್ಡರ್ ಇಲ್ಲದಿದ್ದರೂ ಡ್ರೈವರ್ ಪ್ಯಾಕೇಜುಗಳನ್ನು ನೋಡಲು, ತೆಗೆಯಲು ವಿಂಡೋಸ್‌ನಲ್ಲೇ ಇರುವ ಪಿಎನ್‌ಪಿಯುಟಿಲ್ ಆದೇಶದ ಪಟ್ಟಿಯಲ್ಲಿ ಡ್ರೈವರ್ ಹೆಸರು ಹಾಗೇ ಕೂತಿತ್ತು. ಲೆಕ್ಕದ ಪುಸ್ತಕ ಬೇರೆಡೆ ಇದೆ: ಸಿಸ್ಟಂ32ರ ಕಾನ್ಫಿಗ್ ಫೋಲ್ಡರಿನಲ್ಲಿ ಡ್ರೈವರ್ಸ್ ಎಂಬ ಪ್ರತ್ಯೇಕ ರಿಜಿಸ್ಟ್ರಿ ಹೈವ್, ಅಂದರೆ ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಟ್ಟುಕೊಳ್ಳುವ ಕಡತ. ಸರಕು ಹೋಗಿ ಲೆಕ್ಕ ಉಳಿದರೆ ತೆಗೆಯಲೂ ಆಗದು, ಅದೇ ಡ್ರೈವರನ್ನು ಮತ್ತೆ ಹಾಕಲೂ ಆಗದು. ಆ ಡಿಸ್ಕನ್ನು ಕಡೆಗೆ ಫಾರ್ಮ್ಯಾಟ್ ಮಾಡಿದೆ, ನಕ್ಕವರಿಗೆ ಹೇಳಲಿಲ್ಲ.

ಅಷ್ಟರಲ್ಲಿ ಡಿಟಿಪಿ ಮಾಲೀಕರ ಕಿವಿಗೆ ಯಾರೋ ಹೊಸ ಪ್ರಿಂಟರಿನ ಮಾತು ಹಾಕಿದ್ದರು, ಹದಿನೆಂಟು ಸಾವಿರದ ಆಸುಪಾಸು. ಇನ್ನೊಬ್ಬರು ಫಾರ್ಮ್ಯಾಟಿಗೆ ಆರು ನೂರು ಹೇಳಿದ್ದರು. ಆರು ನೂರು ಕಡಿಮೆಯೇ. ಆದರೆ ಆ ಯಂತ್ರದಲ್ಲಿ ಪುಟ ಜೋಡಿಸುವ ಪೇಜ್‌ಮೇಕರ್ 7, ನುಡಿ, ಟ್ಯಾಲಿ, ಡಿಜಿಟಲ್ ಸಹಿಯ ಟೋಕನ್, ಬೆರಳಚ್ಚು ಸ್ಕ್ಯಾನರ್ ಎಲ್ಲ ಇದ್ದವು. ಅವನ್ನೆಲ್ಲ ಮತ್ತೆ ಕೂರಿಸಲು ಒಂದು ದಿನ ಅಂಗಡಿ ಬಾಗಿಲು ಹಾಕಿದಂತೆ. ಪೇಜ್‌ಮೇಕರಿನಲ್ಲಿ ಪುಟವನ್ನು ಯಾವ ಪ್ರಿಂಟರಿಗೆ ತಕ್ಕಂತೆ ಜೋಡಿಸಬೇಕು ಎಂದು ಹೇಳುವ ಕಂಪೋಸ್ ಟು ಪ್ರಿಂಟರ್ ಎಂಬ ಆಯ್ಕೆ ಬೇರೆ ಇದೆ, ಅದನ್ನು ಬದಲಿಸಿದರೆ ಹಳೆಯ ಕಡತಗಳ ಜೋಡಣೆ ಎಲ್ಲಿ ಕೆಡುತ್ತದೋ ಎಂಬ ದಿಗಿಲು ಆಪರೇಟರಿಗೆ. "ಅಣ್ಣ, ಪ್ರಿಂಟರ್ ಹೆಸರು ಒಂದಕ್ಷರವೂ ಬದಲಾಗಬಾರದು ನೋಡಿ" ಎಂದು ಆ ಹುಡುಗಿ ಮೂರು ಸಲ ಹೇಳಿದ್ದಳು.

ಉತ್ತರ ಸಿಕ್ಕಿದ್ದು ಆ ಪೇಜ್‌ಮೇಕರಿನಲ್ಲೇ. ಟಾಸ್ಕ್‌ಲಿಸ್ಟ್ ಆದೇಶಕ್ಕೆ ಸ್ಲ್ಯಾಶ್ ಎಂ ಸೇರಿಸಿ, ಡ್ರೈವರಿನ ಡಿಎಲ್ಎಲ್ ಕಡತದ ಹೆಸರು ಕೊಟ್ಟರೆ ಅದನ್ನು ಹಿಡಿದಿರುವ ಪ್ರೋಗ್ರಾಂಗಳ ಪಟ್ಟಿ ಬರುತ್ತದೆ. ನನಗೆ ಮೂರು ಹೆಸರು ಬಂದವು. ಮೊದಲನೆಯದು ಸ್ಪೂಲರ್, ಅಂದರೆ ಪ್ರಿಂಟ್ ಕೆಲಸಗಳನ್ನು ಸಾಲಿನಲ್ಲಿಟ್ಟು ಕಳಿಸುವ ವಿಂಡೋಸ್ ಸೇವೆ, ಅದು ನಿರೀಕ್ಷಿತ. ಎರಡನೆಯದು ಪ್ರಿಂಟರ್ ಕಂಪನಿಯ ಸ್ಟೇಟಸ್ ಕಿಟಕಿ, ಗಡಿಯಾರದ ಪಕ್ಕ ಅಡಗಿ ಕೂತಿರುತ್ತದೆ. ಮೂರನೆಯದು ಎಸ್‌ಪಿಎಲ್‌ವಾವ್64. ಪೇಜ್‌ಮೇಕರ್ 32 ಬಿಟ್ ಪ್ರೋಗ್ರಾಂ. 64 ಬಿಟ್ ವಿಂಡೋಸ್‌ನಲ್ಲಿ ಅಂಥವು ಪ್ರಿಂಟ್ ಮಾಡಬೇಕಾದರೆ ಈ ಮಧ್ಯವರ್ತಿ ಬೇಕು. ಆಪರೇಟರ್ ಪೇಜ್‌ಮೇಕರನ್ನು ಬೆಳಿಗ್ಗೆ ತೆರೆದರೆ ಸಂಜೆಯವರೆಗೆ ಮುಚ್ಚುವುದಿಲ್ಲ, ಕೆಳಗಿಳಿಸಿಡುತ್ತಾಳೆ. ಮುಚ್ಚಿದ ಮೇಲೂ ಮಧ್ಯವರ್ತಿ ಸ್ವಲ್ಪ ಹೊತ್ತು ಡ್ರೈವರನ್ನು ಹಿಡಿದುಕೊಂಡೇ ಇರುತ್ತಾನೆ. ಕನ್ನಡ ಡಿಟಿಪಿ ಅಂಗಡಿಗಳಲ್ಲಿ ಈ ತೊಂದರೆ ಹೆಚ್ಚು ಕಾಣುವುದಕ್ಕೆ ಇದೇ ಕಾರಣ ಎಂಬುದು ನನ್ನ ಖಚಿತ ಅಭಿಪ್ರಾಯ. ಬೇರೆ ಕಡೆ ಯಾರು ಇನ್ನೂ ಪೇಜ್‌ಮೇಕರ್ ಇಟ್ಟುಕೊಂಡಿದ್ದಾರೆ?

ಈ ಮೂವರನ್ನು ಹೊರಗಟ್ಟಿದರೂ ಡ್ರೈವರ್ ಹೋಗಲಿಲ್ಲ. ಇನ್ನಿಬ್ಬರು ಒಳಗಿದ್ದರು. ಒಬ್ಬ, ಪ್ರಿಂಟ್ ಪ್ರೊಸೆಸರ್, ಅಂದರೆ ಸ್ಪೂಲರಿನಲ್ಲಿರುವ ಕೆಲಸವನ್ನು ಪ್ರಿಂಟರಿಗೆ ಸಿದ್ಧಪಡಿಸುವ ಭಾಗ. ಪಕ್ಕದ ಕೌಂಟರಿನ ಅದೇ ಕಂಪನಿಯ ಇನ್ನೊಂದು ಪ್ರಿಂಟರನ್ನು ಈ ಯಂತ್ರಕ್ಕೂ ಸೇರಿಸಿದ್ದರು. ಅದರ ಅಡ್ವಾನ್ಸ್ಡ್ ಪುಟದಲ್ಲಿ ನಾವು ತೆಗೆಯಬೇಕಾದ ಪ್ಯಾಕೇಜಿನ ಪ್ರೊಸೆಸರೇ ಆಯ್ಕೆಯಾಗಿತ್ತು. ಅದನ್ನು ವಿಂಡೋಸ್‌ನದೇ ಆದ ವಿನ್‌ಪ್ರಿಂಟ್‌ಗೆ ಬದಲಿಸಿದೆ. ಇನ್ನೊಬ್ಬ, ಲ್ಯಾಂಗ್ವೇಜ್ ಮಾನಿಟರ್, ಪ್ರಿಂಟರಿನೊಡನೆ ಮಾತುಕತೆ ನಡೆಸುವ ಭಾಗ. ಇದು ಸ್ಪೂಲರ್ ಶುರುವಾಗುವಾಗಲೇ ಒಳಗೆ ಬಂದುಬಿಡುತ್ತದೆ, ಆದ್ದರಿಂದ ಎಷ್ಟು ಸಲ ರೀಸ್ಟಾರ್ಟ್ ಮಾಡಿದರೂ ಅಷ್ಟೇ. ರಿಜಿಸ್ಟ್ರಿಯಲ್ಲಿ ಕರೆಂಟ್‌ಕಂಟ್ರೋಲ್‌ಸೆಟ್, ಕಂಟ್ರೋಲ್, ಪ್ರಿಂಟ್, ಮಾನಿಟರ್ಸ್ ಎಂಬಲ್ಲಿ ಕಂಪನಿಯ ಹೆಸರಿನ ಕೀ ಇರುತ್ತದೆ. ಸ್ಪೂಲರ್ ನಿಲ್ಲಿಸಿ, ಆ ಕೀಯನ್ನು ಎಕ್ಸ್‌ಪೋರ್ಟ್ ಮಾಡಿಟ್ಟು, ಅಳಿಸಿ, ಆಮೇಲೆ ಸ್ಪೂಲರ್ ಶುರು ಮಾಡಬೇಕು. ಅಲ್ಲೇ ಇರುವ ಲೋಕಲ್ ಪೋರ್ಟ್, ಸ್ಟ್ಯಾಂಡರ್ಡ್ ಟಿಸಿಪಿ/ಐಪಿ ಪೋರ್ಟ್, ಯುಎಸ್‌ಬಿ ಮಾನಿಟರ್ ಇವುಗಳನ್ನು ಮುಟ್ಟಿದರೆ ಮುಂದಿನ ಪಾಡು ನಿಮ್ಮದು.

ಈಗ ನಾನು ಅನುಸರಿಸುವ ಕ್ರಮ ಹೀಗಿದೆ. ಕೇಬಲ್ ಕೀಳುವುದು, ನೆಟ್ ಕೀಳುವುದು. ಕಾಪಿ 1, ಕಾಪಿ 2 ಎಂದು ಹುಟ್ಟಿಕೊಂಡಿರುವ ಎಲ್ಲ ಪ್ರಿಂಟರ್ ಹೆಸರುಗಳನ್ನೂ ತೆಗೆಯುವುದು. ಸ್ಪೂಲರ್ ನಿಲ್ಲಿಸಿ ಸ್ಪೂಲ್ ಫೋಲ್ಡರಿನ ಪ್ರಿಂಟರ್ಸ್ ಒಳಗಿನ ಎಸ್‌ಪಿಎಲ್, ಎಸ್‌ಎಚ್‌ಡಿ ಕಡತಗಳನ್ನು ಗುಡಿಸುವುದು. ಹಿಡಿದಿರುವವರನ್ನು ಟಾಸ್ಕ್‌ಲಿಸ್ಟ್‌ನಿಂದ ಪತ್ತೆ ಹಚ್ಚಿ ಮುಚ್ಚುವುದು. ಪ್ರೊಸೆಸರ್, ಮಾನಿಟರ್ ನೋಡುವುದು. ಸ್ಪೂಲರ್ ಶುರು ಮಾಡಿದೊಡನೆ, ಅದು ಉಸಿರು ತೆಗೆದುಕೊಳ್ಳುವ ಮೊದಲೇ, ಪ್ರಿಂಟ್‌ಯುಐ ಸ್ಲ್ಯಾಶ್ ಎಸ್ ಸ್ಲ್ಯಾಶ್ ಟಿ2 ಎಂದು ಹೊಡೆದು ಬರುವ ಡ್ರೈವರ್ಸ್ ಪುಟದಲ್ಲಿ "ಡ್ರೈವರ್ ಮತ್ತು ಪ್ಯಾಕೇಜ್ ಎರಡನ್ನೂ ತೆಗೆ" ಎಂಬುದನ್ನು ಆರಿಸುವುದು. ಈ ಹಂತದಲ್ಲಿ ಹತ್ತರಲ್ಲಿ ಎಂಟು ಕೇಸು ಮುಗಿಯುತ್ತವೆ.

ಮುಗಿಯದಿದ್ದರೆ ಪಿಎನ್‌ಪಿಯುಟಿಲ್. ಎನಮ್-ಡ್ರೈವರ್ಸ್ ಪಟ್ಟಿಯನ್ನು ಪಠ್ಯ ಕಡತಕ್ಕೆ ಇಳಿಸಿಕೊಂಡು ಕಂಪನಿಯ ಹೆಸರಿಗೆ ಹುಡುಕಿ. ಪ್ರಿಂಟರ್ಸ್ ವರ್ಗದಲ್ಲಿ ಒಂದು ಸಿಕ್ಕಿತೆಂದು ನಿಲ್ಲಬೇಡಿ, ಯುಎಸ್‌ಬಿ ವರ್ಗದಲ್ಲಿ ಅದರ ತಮ್ಮನೊಬ್ಬ ಇರುತ್ತಾನೆ. ಪ್ರತಿ ಪ್ಯಾಕೇಜಿಗೆ ವಿಂಡೋಸ್ ಕೊಡುವ ಒಇಎಂ ಸಂಖ್ಯೆ ಯಂತ್ರದಿಂದ ಯಂತ್ರಕ್ಕೆ ಬೇರೆ. ಒಂದು ಕಡೆ ಒಇಎಂ12 ಇದ್ದದ್ದು ಇನ್ನೊಂದು ಕಡೆ ಡಿಸ್ಕ್ ಕಂಟ್ರೋಲರ್ ಆಗಿರಬಹುದು, ಅದನ್ನು ಫೋರ್ಸ್ ಸೇರಿಸಿ ಬಲವಂತವಾಗಿ ಕಿತ್ತರೆ ವಿಂಡೋಸ್ ಏಳುವುದೇ ಅನುಮಾನ. ಹಾಗಾಗಿ ಡಿಲೀಟ್-ಡ್ರೈವರ್ ಆದೇಶಕ್ಕೆ ಮೊದಲು ಅನ್‌ಇನ್‌ಸ್ಟಾಲ್ ಮಾತ್ರ ಸೇರಿಸಿ ಹೊಡೆಯುತ್ತೇನೆ, ಫೋರ್ಸ್ ಕೊನೆಗೆ. ಕೆಲಸ ಆಯಿತೋ ಇಲ್ಲವೋ ಎಂಬುದಕ್ಕೆ ಐಎನ್‌ಎಫ್ ಫೋಲ್ಡರಿನ ಸೆಟಪ್‌ಎಪಿಐ ಡಾಟ್ ಡೆವ್ ಡಾಟ್ ಲಾಗ್ ಕಡತದ ಕೊನೆಯ ಸಾಲುಗಳೇ ಸಾಕ್ಷಿ. ಪರದೆಯ ಮೇಲಿನ ಸಂದೇಶಕ್ಕಿಂತ ನಾನು ಅದನ್ನು ನಂಬುತ್ತೇನೆ.

ಇದನ್ನೆಲ್ಲ ಒಂದು ಬ್ಯಾಚ್ ಫೈಲ್ ಮಾಡಿ ಪೆನ್‌ಡ್ರೈವಿನಲ್ಲಿ ಇಟ್ಟುಕೊಂಡಿದ್ದೇನೆ. ಇದಕ್ಕೂ ಬಗ್ಗದ ಒಂದೆರಡು ಜಾತಿಯ ಪ್ರಿಂಟರ್‌ಗಳಿಗೆ ರಿಜಿಸ್ಟ್ರಿಯಲ್ಲಿ ಒಂದು ಹೆಸರು ಬದಲಿಸುವ ಎರಡು ಸಾಲು ಅದರಲ್ಲಿವೆ. ಅವನ್ನು ಇಲ್ಲಿ ಬರೆಯುವುದಿಲ್ಲ. ನನಗೂ ಅಂಗಡಿ ಬಾಡಿಗೆ ಇದೆ.

ಪ್ರಿಂಟರ್ ಬಿಟ್ಟು ಇನ್ನೊಂದು ಕಡೆಗೂ ಈ ವಿದ್ಯೆ ಹೋಯಿತು. ಕೊಬ್ಬರಿ ಮಂಡಿಯೊಂದರಲ್ಲಿ ಎಲೆಕ್ಟ್ರಾನಿಕ್ ತಕ್ಕಡಿಯಿಂದ ಬಿಲ್ಲಿಂಗ್ ಕಂಪ್ಯೂಟರಿಗೆ ಯುಎಸ್‌ಬಿ-ಸೀರಿಯಲ್ ಕೇಬಲ್ ಇದೆ. ಹರಾಜಿನ ದಿನ ತೂಕ ಪರದೆಗೆ ಬರುತ್ತಿಲ್ಲ ಎಂದು ಕರೆ. ಅಗ್ಗದ ಕೇಬಲ್‌ಗಳಿಗೆ ಸ್ವಂತ ಸೀರಿಯಲ್ ಸಂಖ್ಯೆ ಇರುವುದಿಲ್ಲ, ಬೇರೆ ತೂತಿಗೆ ಚುಚ್ಚಿದಾಗಲೆಲ್ಲ ವಿಂಡೋಸ್ ಹೊಸ ಕಾಂ ಸಂಖ್ಯೆ, ಅಂದರೆ ಸೀರಿಯಲ್ ಪೋರ್ಟಿನ ಸಂಖ್ಯೆ, ಕೊಡುತ್ತದೆ. ಅಲ್ಲಿ ಕಾಂ17ರ ಹತ್ತಿರ ತಲುಪಿತ್ತು. ಬಿಲ್ಲಿಂಗ್ ತಂತ್ರಾಂಶಕ್ಕೆ ಗೊತ್ತಿರುವುದು ಕಾಂ1ರಿಂದ ಕಾಂ4. ಡಿವೈಸ್ ಮ್ಯಾನೇಜರಿನಲ್ಲಿ ಅಡಗಿರುವ ಸಾಧನಗಳನ್ನು ತೋರಿಸು ಎಂದಾಗ ಮಸುಕು ಬಣ್ಣದ ಸಾಲು ಸಾಲು ಪೋರ್ಟ್‌ಗಳು ಎದ್ದವು. ವಿಂಡೋಸ್ 7 ಇದ್ದರೆ ಡೆವ್‌ಎಂಜಿಆರ್_ಶೋ_ನಾನ್‌ಪ್ರೆಸೆಂಟ್_ಡಿವೈಸಸ್ ಎಂಬ ಚರಾಂಶವನ್ನು ಮೊದಲು 1 ಮಾಡಬೇಕು. ಎಲ್ಲವನ್ನೂ ಕಿತ್ತೆ. ಆದರೂ ಕಾಂ3ರ ಮುಂದೆ "ಬಳಕೆಯಲ್ಲಿದೆ" ಎಂದೇ ತೋರಿಸುತ್ತಿತ್ತು. ರಿಜಿಸ್ಟ್ರಿಯ ಕಾಂ ನೇಮ್ ಆರ್ಬಿಟರ್ ಕೀಯಲ್ಲಿ ಕಾಂಡಿಬಿ ಎಂಬ ಮೌಲ್ಯವಿದೆ, ಕೊಟ್ಟ ಸಂಖ್ಯೆಗಳ ಲೆಕ್ಕ ಅಲ್ಲಿರುತ್ತದೆ. ಅದನ್ನು ಶುದ್ಧ ಮಾಡಿದ ಮೇಲೆ ಕಾಂ3 ಸಿಕ್ಕಿತು. ಕೇಬಲನ್ನು ಚುಚ್ಚಿದ ತೂತಿಗೇ ಟೇಪ್ ಸುತ್ತಿ ಬಂದೆ. ಮಂಡಿ ಸಾಹುಕಾರರು ಇನ್ನೂರು ರೂಪಾಯಿ, ಎರಡು ಕೆಜಿ ಕೊಬ್ಬರಿ ಕೊಟ್ಟರು. ಕೊಬ್ಬರಿಯ ಬೆಲೆ ನೋಡಿದರೆ ನನಗೆ ಅದೇ ಲಾಭ.

ಸೀರಿಯಲ್ ಕೇಬಲ್ ಎಂದಾಗ ಒಂದು ಹಳೆಯ ಸಂಗತಿ. 2014ರಲ್ಲಿ, ಇಂಥ ಕೇಬಲ್‌ಗಳ ಚಿಪ್ ಮಾಡುವ ಎಫ್‌ಟಿಡಿಐ ಕಂಪನಿಯ ಹೊಸ ಡ್ರೈವರ್ ವಿಂಡೋಸ್ ಅಪ್‌ಡೇಟ್ ಮೂಲಕ ಬಂದು, ತನ್ನ ಚಿಪ್‌ಗಳ ನಕಲಿಗಳನ್ನು ಕಂಡರೆ ವಿಂಡೋಸ್ ಅವನ್ನು ಗುರುತಿಸುವ ಪ್ರಾಡಕ್ಟ್ ಐಡಿಯನ್ನೇ ಸೊನ್ನೆ ಮಾಡಿಬಿಡುತ್ತಿತ್ತು. ಗಲಾಟೆಯಾದ ಮೇಲೆ ಆ ಡ್ರೈವರನ್ನು ಹಿಂತೆಗೆದುಕೊಂಡರು. ನಕಲಿ ಮಾಡಿದವರು ಯಾರೋ, ಕೇಬಲ್ ಸತ್ತದ್ದು ಕೊಂಡವರದು.

ಕಿತ್ತದ್ದು ಮತ್ತೆ ಬರದಂತೆ ತಡೆಯುವುದು ಅರ್ಧ ಕೆಲಸ. ನಮ್ಮ ಗಿರಾಕಿಗಳಲ್ಲಿ ಬಹುಪಾಲು ಹೋಮ್ ಆವೃತ್ತಿ, ಅಪ್‌ಡೇಟ್‌ನಿಂದ ಡ್ರೈವರ್ ಬರುವುದನ್ನು ತಡೆಯಬಹುದಾದ ಗ್ರೂಪ್ ಪಾಲಿಸಿ ಕಿಟಕಿ ಅದರಲ್ಲಿಲ್ಲ. ರಿಜಿಸ್ಟ್ರಿಯಲ್ಲಿ ಡ್ರೈವರ್‌ಸರ್ಚಿಂಗ್ ಕೀಯ ಸರ್ಚ್‌ಆರ್ಡರ್‌ಕಾನ್ಫಿಗ್ ಮೌಲ್ಯವನ್ನು 0 ಮಾಡಿದ ಮೇಲೆಯೇ ನೆಟ್ ಜೋಡಿಸುತ್ತೇನೆ. ಆಮೇಲೆ ಹಳೆಯ ಡ್ರೈವರ್, ಅದು ಕೇಳಿದಾಗ ಮಾತ್ರ ಕೇಬಲ್. ಭದ್ರತೆಯ ಅಪ್‌ಡೇಟ್‌ಗಳನ್ನು ಮಾತ್ರ ನಿಲ್ಲಿಸುವುದಿಲ್ಲ. 2021ರ ಪ್ರಿಂಟ್‌ನೈಟ್‌ಮೇರ್ ಸ್ಪೂಲರಿನದೇ ತೂತು. ಅದೇ ವರ್ಷದ ಸ್ಪೂಲರ್ ತೇಪೆಗಳ ಸಾಲಿನಲ್ಲಿ, ನೆಟ್‌ವರ್ಕಿನಲ್ಲಿ ಹಂಚಿಕೊಂಡ ಪ್ರಿಂಟರ್‌ಗಳಿಗೆ ಜೋಡಣೆಯಾಗದೆ 11ಬಿ ಎಂಬ ದೋಷ ಬಂತೆಂದು ನಮ್ಮೂರಿನ ಅರ್ಧ ಅಂಗಡಿಗಳು ಅಪ್‌ಡೇಟನ್ನೇ ಕಿತ್ತು ಕೂತಿದ್ದವು, ಈಗಲೂ ಕೆಲವು ಹಾಗೇ ಇವೆ.

ಡಿಟಿಪಿ ಅಂಗಡಿಯ ಪ್ರಿಂಟರಿಗೆ ಹಳೆಯ ಹೆಸರನ್ನೇ ಅಕ್ಷರಕ್ಷರ ಕೊಟ್ಟು, ಲೀಗಲ್ ಹಾಳೆಯಲ್ಲಿ ಒಂದು ಹಳೆಯ ಕ್ರಯಪತ್ರ ತೆಗೆದು ಬೆಳಕಿಗೆ ಹಿಡಿದು ಹೊಂದಿಸಿ ನೋಡಿದೆವು, ಸಾಲಿಗೆ ಸಾಲು ಕೂತಿತು. ನಾಲ್ಕು ನೂರು ತೆಗೆದುಕೊಂಡೆ. ಈಗಲೂ ಅದೇ ದರ, ಹಾಳೆ ಸರಿಯಾಗಿ ಬಾರದಿದ್ದರೆ ದುಡ್ಡಿಲ್ಲ. ಅಂಚೆ ತಕ್ಕಡಿ, ಬಾರ್‌ಕೋಡ್ ಪ್ರಿಂಟರ್ ಇದ್ದರೆ ಯಂತ್ರವನ್ನು ಅಂಗಡಿಗೇ ತರಬೇಕು, ಅದಕ್ಕೆ ನೂರು ಹೆಚ್ಚು.