ಏಡ್ರಿಯಾಟಿಕ್ ಬಾಸ್ಕೆಟ್‌ಬಾಲ್ ಲೀಗಿನ ಒಂದು ಋತುವನ್ನು ಚೌಕಮನೆ ಹಾಕಿ ಅನುಸರಿಸುವ ಕ್ರಮ

ಪಂದ್ಯ ಮುಗಿಯಲು ಇನ್ನು ಇಪ್ಪತ್ತು ಸೆಕೆಂಡುಗಳಿವೆ, ತವರಿನ ತಂಡ ಹನ್ನೊಂದು ಪಾಯಿಂಟುಗಳಿಂದ ಮುಂದಿದೆ, ಸೋಲು ಗೆಲುವು ಆಗಲೇ ತೀರ್ಮಾನವಾಗಿದೆ. ಆದರೂ ಸೋಲುತ್ತಿರುವ ತಂಡದ ಕೋಚ್ ಟೈಮ್‌ಔಟ್ ಕೇಳುತ್ತಾರೆ, ಮಂಡಿಯೂರಿ ಕುಳಿತು ಸಣ್ಣ ಫಲಕದ ಮೇಲೆ ಗೆರೆಗಳನ್ನೆಳೆದು ಆಟಗಾರರಿಗೆ ಏನನ್ನೋ ಆತುರವಾಗಿ ವಿವರಿಸುತ್ತಾರೆ. ಆಟ ಮತ್ತೆ ಶುರುವಾದಾಗ ಮೂಲೆಯಿಂದ ಬಂದ ಮೂರು ಪಾಯಿಂಟಿನ ಎಸೆತ ಬುಟ್ಟಿಗೆ ಬೀಳುತ್ತದೆ, ಅಂತರ ಎಂಟಕ್ಕೆ ಇಳಿಯುತ್ತದೆ, ಸೋತ ತಂಡದ ಬೆಂಚು ಮುಷ್ಟಿ ಬಿಗಿದು ಎದ್ದು ನಿಲ್ಲುತ್ತದೆ. ಏಡ್ರಿಯಾಟಿಕ್ ಲೀಗನ್ನು ನೋಡಲು ಶುರುಮಾಡಿದ ಮೊದಲ ವರ್ಷ ಈ ಹುಮ್ಮಸ್ಸಿನ ಕಾರಣ ನನಗೆ ತಿಳಿಯುತ್ತಿರಲಿಲ್ಲ. ಹತ್ತು ಪಾಯಿಂಟುಗಳ ಅಂತರ ಬಿದ್ದೊಡನೆ ಫೋನ್ ಆರಿಸಿ ಮಲಗುತ್ತಿದ್ದೆ, ಹೀಗಾಗಿ ಋತುವಿನ ಕೊನೆಯಲ್ಲಿ ಅಂಕಪಟ್ಟಿಯಲ್ಲಿ ಸಮಾನ ಅಂಕಗಳಿದ್ದ ತಂಡಗಳಲ್ಲಿ ಒಂದು ಮೇಲೆ, ಇನ್ನೊಂದು ಕೆಳಗೆ ಏಕೆ ನಿಂತಿತೆಂಬುದನ್ನು ವಿವರಿಸುವ ಘಳಿಗೆಗಳನ್ನೇ ಕಳೆದುಕೊಳ್ಳುತ್ತಿದ್ದೆ. ಆ ಘಳಿಗೆಗಳನ್ನು ಹಿಡಿದಿಟ್ಟುಕೊಳ್ಳಲು ನಾನು ಈಗ ಬಳಸುವ ಕ್ರಮವನ್ನು, ಬೇರೆಯವರೂ ಮಾಡಿ ನೋಡಲು ಆಗುವಂತೆ, ಇಲ್ಲಿ ವಿವರಿಸುತ್ತಿದ್ದೇನೆ. ಇದಕ್ಕೆ ಬೇಕಾದದ್ದು ಒಂದು ದೊಡ್ಡ ಹಾಳೆ, ಒಂದು ಅಡಿಕೋಲು ಮತ್ತು ಎರಡು ಬಣ್ಣದ ಪೆನ್ನುಗಳು ಮಾತ್ರ.

ಮೊದಲು ಲೀಗಿನ ಹಿನ್ನೆಲೆಯನ್ನು ತಿಳಿದುಕೊಳ್ಳಬೇಕು, ಏಕೆಂದರೆ ಅದಿಲ್ಲದೆ ಪಂದ್ಯಗಳ ಬಿಸಿ ಅರ್ಥವಾಗುವುದಿಲ್ಲ. ಯುಗೊಸ್ಲಾವಿಯ ಒಡೆದ ಬಳಿಕ ಅದರ ಗಣರಾಜ್ಯಗಳ ಕ್ಲಬ್ಬುಗಳು ಒಂದೇ ಲೀಗಿನಲ್ಲಿ ಆಡುವುದು ನಿಂತುಹೋಗಿತ್ತು. 2001ರಲ್ಲಿ ಸ್ಥಾಪನೆಯಾದ ಏಡ್ರಿಯಾಟಿಕ್ ಲೀಗ್ ಅವುಗಳನ್ನು ಮತ್ತೆ ಹಂತಹಂತವಾಗಿ ಒಂದೇ ಅಂಕಪಟ್ಟಿಗೆ ತಂದಿತು. ಮೊದಲ ಋತುವಿನ ಪಟ್ಟ ಸ್ಲೊವೇನಿಯದ ರಾಜಧಾನಿ ಲ್ಯುಬ್ಲ್ಯಾನಾದ ಒಲಿಂಪಿಯಾ ಕ್ಲಬ್ಬಿಗೆ, ಎರಡನೆಯದು ಕ್ರೊವೇಷಿಯದ ಕರಾವಳಿಯ ಜಾದರ್ ಕ್ಲಬ್ಬಿಗೆ ಸಂದಿತು. ಅದಾದ ಮೇಲೆ ಸರ್ಬಿಯದ ಕ್ಲಬ್ಬುಗಳ ಕಾಲ ಬಂತು; ಬೆಲ್‌ಗ್ರೇಡಿನ ಪಾರ್ತಿಜಾನ್ 2007ರಿಂದ 2011ರವರೆಗೆ ಸತತ ಐದು ಬಾರಿ ಗೆದ್ದಿತು. ಲೀಗಿನ ಹೆಸರು ಮೊದಲು ಗುಡ್‌ಇಯರ್ ಲೀಗ್ ಎಂದೂ ಬಳಿಕ ಎನ್‌ಎಲ್‌ಬಿ ಲೀಗ್ ಎಂದೂ ಇತ್ತು, ಈಗ ಎಬಿಎ ಲೀಗ್ ಎಂದು ಪ್ರಸಿದ್ಧವಾಗಿದೆ. ಹಳೆಯ ದಾಖಲೆಗಳನ್ನು ಹುಡುಕುವಾಗ ಈ ಮೂರೂ ಹೆಸರುಗಳನ್ನು ನೆನಪಿಟ್ಟುಕೊಳ್ಳಬೇಕು.

ಕ್ಲಬ್ಬುಗಳ ಹೆಸರಿನದು ಇದಕ್ಕಿಂತ ದೊಡ್ಡ ತೊಡಕು. ಪ್ರಾಯೋಜಕರು ಬದಲಾದಂತೆ ಕ್ಲಬ್ಬಿನ ಹೆಸರಿನ ಬಾಲವೂ ಬದಲಾಗುತ್ತದೆ. ಸರ್ಬಿಯದ ಒಂದೇ ಮೆಗಾ ಕ್ಲಬ್ ಬೇರೆ ಬೇರೆ ವರ್ಷಗಳಲ್ಲಿ ಮೆಗಾ ವಿಜೂರಾ, ಮೆಗಾ ಲೆಕ್ಸ್, ಮೆಗಾ ಬೆಮಾಕ್ಸ್ ಎಂದೆಲ್ಲ ಕಾಣಿಸಿಕೊಳ್ಳುತ್ತದೆ. 2019ರಲ್ಲಿ ಜಾಗ್ರೆಬಿನ ಸೆದೆವಿತಾ ಮತ್ತು ಲ್ಯುಬ್ಲ್ಯಾನಾದ ಒಲಿಂಪಿಯಾ ವಿಲೀನವಾಗಿ ಸೆದೆವಿತಾ ಒಲಿಂಪಿಯಾ ಆದವು. ಆದ್ದರಿಂದ ಹಾಳೆಯಲ್ಲಿ ಪ್ರಾಯೋಜಕರ ಹೆಸರನ್ನು ಬರೆಯದೆ ಕ್ಲಬ್ಬಿನ ಮೂಲ ಹೆಸರನ್ನೂ ಅದರ ಊರನ್ನೂ ಬರೆದುಕೊಳ್ಳುವುದು ಒಳ್ಳೆಯದು. ಉಚ್ಚಾರಣೆಯ ವಿಷಯದಲ್ಲಿ ಕನ್ನಡಿಗರಿಗೆ ಒಂದು ಅನುಕೂಲವಿದೆ: ಸರ್ಬಿಯನ್ ಮತ್ತು ಕ್ರೊವೇಷಿಯನ್ ಕೂಡ ನಮ್ಮ ಭಾಷೆಯಂತೆ ಬರೆದಂತೆ ಓದುವ ಭಾಷೆಗಳು. ಜೆ ಅಕ್ಷರವನ್ನು ಯಕಾರವಾಗಿ, ಸಿ ಅಕ್ಷರವನ್ನು ‘ತ್ಸ’ ಎಂದು ಓದುವುದನ್ನು ರೂಢಿಸಿಕೊಂಡರೆ ಅರ್ಧ ಕೆಲಸ ಮುಗಿಯಿತು. ನಿಖರವಾಗಿ ಹೇಳುವುದಾದರೆ ಸೆದೆವಿತಾ ಕೂಡ ‘ತ್ಸೆದೆವಿತಾ’ ಆಗಬೇಕು. ಕೆಂಪು ನಕ್ಷತ್ರ ಎಂಬ ಅರ್ಥದ ಬೆಲ್‌ಗ್ರೇಡಿನ ಕ್ಲಬ್ಬನ್ನು ‘ತ್ಸರ್ವೆನಾ ಜ್ವೆಜ್ದಾ’ ಎನ್ನಬೇಕು, ಅಲ್ಲಿನ ಜನ ಮೊಟಕಾಗಿ ‘ಜ್ವೆಜ್ದಾ’ ಎನ್ನುತ್ತಾರೆ.

ಇನ್ನು ಹಾಳೆಯ ವಿಚಾರ. ಋತು ಸಾಮಾನ್ಯವಾಗಿ ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಆರಂಭವಾಗಿ ಜೂನ್ ತಿಂಗಳವರೆಗೆ ನಡೆಯುತ್ತದೆ. ಗೆರೆ ಹಾಕುವ ಮೊದಲು ಆ ವರ್ಷ ಎಷ್ಟು ತಂಡಗಳಿವೆ, ಎಲ್ಲವೂ ಒಂದೇ ಗುಂಪಿನಲ್ಲಿವೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಿ, ಏಕೆಂದರೆ ಇದು ಮೇಲಿಂದ ಮೇಲೆ ಬದಲಾಗುತ್ತದೆ. 2022-23ರಲ್ಲಿ 14 ತಂಡಗಳಿದ್ದವು. 2024-25ರಲ್ಲಿ ದುಬೈ ತಂಡವೂ ಸೇರಿ 16 ಆದವು. ಮುಂದಿನ ಋತುವಿಗೆ ಸಂಖ್ಯೆ 18ಕ್ಕೆ ಏರಿತು. ಇಲ್ಲಿ 2024-25ರ ಋತುವನ್ನೇ ಮಾದರಿಯಾಗಿ ಇಟ್ಟುಕೊಳ್ಳೋಣ. ಆ ವರ್ಷ ಪ್ರತಿ ತಂಡವೂ ಉಳಿದ 15 ತಂಡಗಳೊಡನೆ ತವರಿನಲ್ಲಿ ಒಮ್ಮೆ, ಎದುರಾಳಿಯ ಊರಿನಲ್ಲಿ ಒಮ್ಮೆ ಆಡುವ ಏರ್ಪಾಡು. ಅಂದರೆ 30 ಸುತ್ತುಗಳು, ಸುತ್ತಿಗೆ 8 ಪಂದ್ಯಗಳು, ಒಟ್ಟು 240 ಪಂದ್ಯಗಳು. ಹಾಳೆಯ ಮೇಲೆ ಅಡ್ಡ 16, ಉದ್ದ 16 ಮನೆಗಳ ಚೌಕವನ್ನು ಎಳೆಯಿರಿ. ಎಡಬದಿಯಲ್ಲಿ ಮೇಲಿನಿಂದ ಕೆಳಕ್ಕೆ ಎಲ್ಲ ತಂಡಗಳ ಹೆಸರನ್ನೂ, ಅದೇ ಅನುಕ್ರಮದಲ್ಲಿ ನೆತ್ತಿಯ ಮೇಲೆ ಎಡದಿಂದ ಬಲಕ್ಕೂ ಬರೆಯಿರಿ. ಎಡಬದಿಯಲ್ಲಿರುವುದು ತವರಿನ ತಂಡ, ನೆತ್ತಿಯಲ್ಲಿರುವುದು ಅತಿಥಿ ತಂಡ. ತಂಡವೊಂದು ತನ್ನೊಡನೆ ತಾನೇ ಆಡುವುದಿಲ್ಲವಾದ್ದರಿಂದ ಮೂಲೆಯಿಂದ ಮೂಲೆಗೆ ಹೋಗುವ ಕರ್ಣದ 16 ಮನೆಗಳನ್ನು ಕಪ್ಪಾಗಿಸಿ. ಉಳಿಯುವ 240 ಮನೆಗಳೇ ಇಡೀ ಋತು.

ಪಂದ್ಯ ಮುಗಿದಂತೆಲ್ಲ ಆಯಾ ಮನೆಯಲ್ಲಿ ಪೂರ್ತಿ ಸ್ಕೋರನ್ನಲ್ಲ, ಅಂತರವನ್ನು ಮಾತ್ರ ಬರೆಯಿರಿ. ತವರಿನ ತಂಡ ಗೆದ್ದರೆ ಅಧಿಕ ಚಿಹ್ನೆ, ಅತಿಥಿ ತಂಡ ಗೆದ್ದರೆ ಋಣ ಚಿಹ್ನೆ. ಅಲ್ಲಿನ ವರದಿಗಾರರು ಪದೇ ಪದೇ ಬಳಸುವ ‘ಕೋಶ್ ರಾಜ್ಲಿಕಾ’ ಎಂಬ ಮಾತು ಇದೇ. ಕೋಶ್ ಎಂದರೆ ಬುಟ್ಟಿ, ರಾಜ್ಲಿಕಾ ಎಂದರೆ ವ್ಯತ್ಯಾಸ. ಈಗ ಕ ಮತ್ತು ಗ ಎಂಬ ಎರಡು ತಂಡಗಳನ್ನು ಊಹಿಸಿಕೊಳ್ಳಿ. ಕ ತಂಡ ತನ್ನ ಊರಿನಲ್ಲಿ 84-75ರಿಂದ ಗೆದ್ದಿತು, ಹಾಗಾಗಿ ಕ ಸಾಲಿನ ಗ ಮನೆಯಲ್ಲಿ ಅಧಿಕ 9. ತಿಂಗಳುಗಳ ಬಳಿಕ ಗ ತಂಡ ತನ್ನ ಊರಿನಲ್ಲಿ 79-71ರಿಂದ ಸೇಡು ತೀರಿಸಿಕೊಂಡಿತು, ಹಾಗಾಗಿ ಗ ಸಾಲಿನ ಕ ಮನೆಯಲ್ಲಿ ಅಧಿಕ 8. ಈ ಎರಡು ಮನೆಗಳು ಕಪ್ಪು ಕರ್ಣದ ಆಚೀಚೆ ಕನ್ನಡಿಯ ಬಿಂಬದಂತೆ ಎದುರುಬದುರಾಗಿ ಇರುತ್ತವೆ. ಋತುವಿನ ಕೊನೆಯಲ್ಲಿ ಇಬ್ಬರ ಅಂಕಗಳೂ ಸಮವಾದರೆ ಮೊದಲು ನೋಡುವುದು ಅವರಿಬ್ಬರ ನಡುವಿನ ಪಂದ್ಯಗಳನ್ನೇ, ಅಲ್ಲಿಯೂ ಗೆಲುವುಗಳು ಸಮವಾದರೆ ಆ ಪಂದ್ಯಗಳ ಪಾಯಿಂಟುಗಳ ಅಂತರವನ್ನು. ನಮ್ಮ ಹಾಳೆಯಲ್ಲಿ ಈ ನಿಯಮ ಒಂದೇ ನೋಟಕ್ಕೆ ಇಳಿಯುತ್ತದೆ: ಎದುರುಬದುರಿನ ಎರಡು ಮನೆಗಳಲ್ಲಿ ಯಾರ ಸಾಲಿನ ಸಂಖ್ಯೆ ದೊಡ್ಡದೋ ಅವರು ಮೇಲೆ. ಇಲ್ಲಿ 9 ದೊಡ್ಡದು, ಆದ್ದರಿಂದ ಕ ತಂಡ ಮೇಲೆ. ಆರಂಭದಲ್ಲಿ ಹೇಳಿದ ಮೂಲೆಯ ಎಸೆತದ ಬೆಲೆ ಈಗ ತಿಳಿಯುತ್ತದೆ. ಹನ್ನೊಂದು ಪಾಯಿಂಟುಗಳಿಂದ ಸೋತಿದ್ದರೆ ಮರುಪಂದ್ಯದಲ್ಲಿ ಹನ್ನೆರಡರಿಂದ ಗೆಲ್ಲಬೇಕಿತ್ತು; ಎಂಟರಿಂದ ಸೋತದ್ದರಿಂದ ಒಂಬತ್ತು ಸಾಕು.

ಮೊದಲ ಪಂದ್ಯ ಮುಗಿದ ಕೂಡಲೇ ಎದುರಿನ ಖಾಲಿ ಮನೆಯ ಮೂಲೆಯಲ್ಲಿ ಆ ಸಂಖ್ಯೆಯನ್ನು ಬೇರೆ ಬಣ್ಣದಲ್ಲಿ ಸಣ್ಣದಾಗಿ ಬರೆದಿಡಿ. ಜನವರಿಯ ನಂತರ ಮರುಪಂದ್ಯ ನೋಡಲು ಕೂತಾಗ ಗೆಲುವಿನ ಗುರಿಯ ಜೊತೆಗೆ ಇನ್ನೊಂದು ಗುರಿಯೂ ಕಣ್ಣ ಮುಂದಿರುತ್ತದೆ, ಕೊನೆಯ ನಿಮಿಷದಲ್ಲಿ ಗೆಲ್ಲುತ್ತಿರುವ ತಂಡವೂ ಏಕೆ ಟೈಮ್‌ಔಟ್ ಕೇಳಿತೆಂದು ಯಾರನ್ನೂ ಕೇಳಬೇಕಾಗುವುದಿಲ್ಲ. ಈ ಕ್ರಮದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಇದು. ಮೂರು ತಂಡಗಳು ಸಮವಾದರೆ ಮಾತ್ರ ಸ್ವಲ್ಪ ಲೆಕ್ಕ ಮಾಡಬೇಕು: ಆ ಮೂವರ ನಡುವಿನ ಆರು ಮನೆಗಳನ್ನಷ್ಟೇ ಬೇರೆ ಹಾಳೆಗೆ ಇಳಿಸಿ, ಮೊದಲು ಗೆಲುವುಗಳನ್ನು ಎಣಿಸಿ, ಅವೂ ಸಮವಾದರೆ ಪ್ರತಿ ತಂಡದ ಸಾಲಿನ ಎರಡು ಸಂಖ್ಯೆಗಳ ಮೊತ್ತದಿಂದ ಅದರ ಕಂಬದ ಎರಡು ಸಂಖ್ಯೆಗಳ ಮೊತ್ತವನ್ನು ಕಳೆಯಿರಿ. ಇಬ್ಬರ ನಡುವೆ ಮೇಲಿದ್ದ ತಂಡ ಮೂವರ ನಡುವೆ ಕೆಳಗಿಳಿಯುವುದೂ ಉಂಟು.

ಅಧಿಕೃತ ಅಂಕಪಟ್ಟಿಯನ್ನು ಓದುವಾಗ ಒಂದು ಎಚ್ಚರಿಕೆ ಬೇಕು. ಈ ಲೀಗಿನಲ್ಲಿ ಗೆಲುವಿಗೆ 2 ಅಂಕ, ಸೋಲಿಗೂ 1 ಅಂಕ. ಪಂದ್ಯಗಳು ಮುಂದೂಡಲ್ಪಟ್ಟು ತಂಡಗಳು ಆಡಿದ ಪಂದ್ಯಗಳ ಸಂಖ್ಯೆ ಹೆಚ್ಚುಕಡಿಮೆಯಾದಾಗ ಇದು ದಾರಿ ತಪ್ಪಿಸುತ್ತದೆ. 18 ಪಂದ್ಯಗಳಲ್ಲಿ 12 ಗೆದ್ದು 6 ಸೋತ ತಂಡಕ್ಕೆ 30 ಅಂಕಗಳಾದರೆ, 16 ಪಂದ್ಯಗಳಲ್ಲಿ 13 ಗೆದ್ದು 3 ಮಾತ್ರ ಸೋತ ತಂಡಕ್ಕೆ 29 ಅಂಕಗಳು. ನಿಜವಾಗಿ ಮುಂದಿರುವುದು ಎರಡನೆಯದೇ. ಋತುವಿನ ನಡುವೆ ಅಂಕಗಳ ಕಂಬವನ್ನು ಬಿಟ್ಟು ಸೋಲುಗಳ ಕಂಬವನ್ನು ನೋಡುವುದು ವಿಶ್ವಾಸಾರ್ಹ.

ಎಲ್ಲ ಸೋಲುಗಳೂ ಒಂದೇ ತೂಕದವಲ್ಲ ಎಂಬುದನ್ನೂ ಹಾಳೆಯಲ್ಲಿ ತೋರಿಸಲು ಸಾಧ್ಯ. ಪಾರ್ತಿಜಾನ್ ಮತ್ತು ಜ್ವೆಜ್ದಾ ವಾರದ ನಡುವೆ ಯೂರೋಪಿನ ದೊಡ್ಡ ಕ್ಲಬ್ಬುಗಳ ಲೀಗಾದ ಯೂರೋಲೀಗಿನಲ್ಲೂ ಆಡುತ್ತವೆ. 2024-25ರಲ್ಲಿ ಯೂರೋಲೀಗಿನ 34 ಸುತ್ತುಗಳು, ಇಲ್ಲಿನ 30 ಸುತ್ತುಗಳು ಸೇರಿ, ಪಟ್ಟ ತೀರ್ಮಾನಿಸುವ ಕೊನೆಯ ಹಂತವಾದ ಪ್ಲೇಆಫ್‌ಗೆ ಮೊದಲೇ 64 ಪಂದ್ಯಗಳ ಹೊರೆ ಅವುಗಳ ಹೆಗಲ ಮೇಲಿತ್ತು. ಗುರುವಾರ ರಾತ್ರಿ ಸ್ಪೇನಿನಲ್ಲೋ ಗ್ರೀಸಿನಲ್ಲೋ ಆಡಿದ ತಂಡ ಭಾನುವಾರ ಬೋಸ್ನಿಯದ ಸಣ್ಣ ಊರೊಂದರಲ್ಲಿ ಕಣಕ್ಕಿಳಿಯುವಾಗ ಕೋಚ್ ಮುಖ್ಯ ಆಟಗಾರರಿಗೆ ವಿಶ್ರಾಂತಿ ಕೊಡುವುದು ಸಹಜ. ಅಂಥ ವಾರಗಳಲ್ಲಿ ಆಡಿದ ಪಂದ್ಯದ ಮನೆಗೆ ಒಂದು ಚುಕ್ಕೆ ಇಡಿ. ಚುಕ್ಕೆಯಿಲ್ಲದ ಮನೆಯಲ್ಲಿ ದೊಡ್ಡ ತಂಡ ಸೋತಿದ್ದರೆ ಅದು ಪ್ಲೇಆಫ್‌ಗೆ ಮೊದಲು ಗಮನಿಸಬೇಕಾದ ಸಂಗತಿ. ನವೆಂಬರ್ ಮತ್ತು ಫೆಬ್ರವರಿಯಲ್ಲಿ ರಾಷ್ಟ್ರೀಯ ತಂಡಗಳ ಪಂದ್ಯಗಳಿಗಾಗಿ ಲೀಗ್ ಬಿಡುವು ಕೊಡುತ್ತದೆ. ಸರ್ಬಿಯದ ರಾದಿವೋಯ್ ಕೊರಾಚ್ ಕಪ್, ಕ್ರೊವೇಷಿಯದ ಕ್ರೆಶಿಮಿರ್ ಚೋಸಿಚ್ ಕಪ್ ಕೂಡ ಫೆಬ್ರವರಿಯ ಆಸುಪಾಸಿನಲ್ಲೇ ಬರುತ್ತವೆ.

ಪಟ್ಟಿಯ ಕೆಳಭಾಗವನ್ನು ಕಡೆಗಣಿಸಬಾರದು. ಮೆಗಾ ಕ್ಲಬ್ ಪಟ್ಟ ಗೆಲ್ಲುವುದಕ್ಕಿಂತ ಹೆಚ್ಚಾಗಿ ಎಳೆಯ ಆಟಗಾರರನ್ನು ಬೆಳೆಸುವುದಕ್ಕೇ ಹೆಸರಾದದ್ದು. ಸೊಂಬೋರ್ ಊರಿನ ನಿಕೋಲಾ ಯೋಕಿಚ್ 2014ರ ಎನ್‌ಬಿಎ ಡ್ರಾಫ್ಟಿನಲ್ಲಿ, ಅಂದರೆ ಅಮೆರಿಕದ ವೃತ್ತಿಪರ ಲೀಗಿನ ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವಲ್ಲಿ, 41ನೆಯವರಾಗಿ ಆಯ್ಕೆಯಾದ ಮೇಲೂ ಒಂದು ವರ್ಷ ಇಲ್ಲೇ ಉಳಿದು, 2014-15ರಲ್ಲಿ ಏಡ್ರಿಯಾಟಿಕ್ ಲೀಗಿನ ಶ್ರೇಷ್ಠ ಆಟಗಾರ ಎನಿಸಿಕೊಂಡು ಅಲ್ಲಿನ ಡೆನ್ವರ್ ತಂಡಕ್ಕೆ ಹೋದರು. 2022ರಲ್ಲಿ 27ನೆಯವರಾಗಿ ಆಯ್ಕೆಯಾದ ನಿಕೋಲಾ ಯೋವಿಚ್, 2024ರಲ್ಲಿ 12ನೆಯವರಾದ ನಿಕೋಲಾ ತೋಪಿಚ್ ಕೂಡ ಮೆಗಾದಲ್ಲಿ ಆಡಿದವರು. ಹೀಗಾಗಿ ಮೆಗಾದ ಸಾಲಿನ ಪಕ್ಕದಲ್ಲಿ ಅಂತರಗಳ ಜೊತೆಗೆ ಇಪ್ಪತ್ತು ವರ್ಷದೊಳಗಿನ ಆಟಗಾರರು ಎಷ್ಟು ನಿಮಿಷ ಆಡಿದರೆಂದು ಬರೆದಿಡುವುದು ಉಪಯುಕ್ತ. ಆಟಗಾರರ ಅಂಕಿಅಂಶಗಳ ಕೊನೆಯಲ್ಲಿ ಕಾಣುವ ಸೂಚ್ಯಂಕವೆಂದರೆ ಗಳಿಸಿದ ಪಾಯಿಂಟು, ರಿಬೌಂಡ್ (ಬುಟ್ಟಿಗೆ ಬೀಳದೆ ಮರಳಿದ ಚೆಂಡನ್ನು ಹಿಡಿಯುವುದು), ಅಸಿಸ್ಟ್ (ಜೊತೆಯವರ ಬುಟ್ಟಿಗೆ ನೆರವಾದ ಪಾಸ್) ಮುಂತಾದವನ್ನು ಕೂಡಿ, ತಪ್ಪಿದ ಎಸೆತ, ಕಳೆದುಕೊಂಡ ಚೆಂಡು, ಎಸಗಿದ ಫೌಲ್ ಮುಂತಾದವನ್ನು ಕಳೆದು ಬರುವ ಸಂಖ್ಯೆ. ಅದು ಒಳ್ಳೆಯ ರಕ್ಷಣಾ ಆಟವನ್ನು ಸರಿಯಾಗಿ ಅಳೆಯುವುದಿಲ್ಲವಾದ್ದರಿಂದ ನಾನು ಅದಕ್ಕೆ ಹೆಚ್ಚು ಮಹತ್ವ ಕೊಡುವುದಿಲ್ಲ.

ನೋಡುವ ಹೊತ್ತಿನ ಬಗ್ಗೆ ಎರಡು ಮಾತು. ಬೆಲ್‌ಗ್ರೇಡಿನಲ್ಲಿ ಸಂಜೆ 7ಕ್ಕೆ ಆರಂಭವಾಗುವ ಪಂದ್ಯ ಅಕ್ಟೋಬರ್ ಕೊನೆಯ ಭಾನುವಾರದಿಂದ ಮಾರ್ಚ್ ಕೊನೆಯ ಭಾನುವಾರದವರೆಗೆ ನಮಗೆ ರಾತ್ರಿ 11.30ಕ್ಕೆ, ಉಳಿದ ತಿಂಗಳುಗಳಲ್ಲಿ 10.30ಕ್ಕೆ ಸಿಗುತ್ತದೆ. ಎಲ್ಲವನ್ನೂ ನಿದ್ದೆಗೆಟ್ಟು ನೋಡುವುದು ಆಗದ ಮಾತು. ಹಾಳೆಯಲ್ಲಿ ಬೇರೆ ಬಣ್ಣದ ಸಣ್ಣ ಸಂಖ್ಯೆ ಇರುವ ಮರುಪಂದ್ಯಗಳನ್ನು ಆರಿಸಿಕೊಂಡರೆ ಸಾಕು. ದುಬೈಯಲ್ಲಿ ನೆಲೆಸಿರುವ ಕನ್ನಡಿಗರಿಗೆ ಮಾತ್ರ ಇದು ಮನೆಬಾಗಿಲಿಗೇ ಬಂದ ಭಾಗ್ಯ, ಏಕೆಂದರೆ ದುಬೈ ತಂಡ ತನ್ನ ಮೊದಲ ಋತುವಿನ ತವರಿನ ಪಂದ್ಯಗಳನ್ನು ಅಲ್ಲಿನ ಕೋಕಾ-ಕೋಲಾ ಅರೀನಾದಲ್ಲಿ ಆಡಿತು. ಮೈದಾನದಲ್ಲಿ ಕೂತು ನೋಡುವವರು ಕೊನೆಯ ಎರಡು ನಿಮಿಷಗಳಲ್ಲಿ ಚೆಂಡನ್ನಲ್ಲ, ಸೋಲುತ್ತಿರುವ ತಂಡದ ಬೆಂಚನ್ನು ಗಮನಿಸಬೇಕೆಂದು ನನ್ನ ಸಲಹೆ.

ಸುತ್ತುಗಳು ಮುಗಿದ ಮೇಲೆ ಮೊದಲ ಎಂಟು ತಂಡಗಳು ಪ್ಲೇಆಫ್‌ಗೆ ಹೋಗುತ್ತವೆ. 2024-25ರಲ್ಲಿ ಕ್ವಾರ್ಟರ್‌ಫೈನಲ್ ಮತ್ತು ಸೆಮಿಫೈನಲ್ ಮೂರು ಪಂದ್ಯಗಳವು, ಫೈನಲ್ ಐದು ಪಂದ್ಯಗಳದ್ದು. ಮೂರರ ಸರಣಿಯಲ್ಲಿ ಮೇಲಿನ ಸ್ಥಾನದ ತಂಡಕ್ಕೆ ಮೊದಲನೆಯದೂ ಮೂರನೆಯದೂ ತವರಿನಲ್ಲೇ ಸಿಗುವುದರಿಂದ ನಾಲ್ಕನೆಯ ಮತ್ತು ಐದನೆಯ ಸ್ಥಾನಗಳ ನಡುವಿನ ಒಂದು ಪಾಯಿಂಟಿನ ಅಂತರಕ್ಕೂ ಬೆಲೆ ಬರುತ್ತದೆ. ಹಿಂದೆ ಕೊನೆಯ ನಾಲ್ಕು ತಂಡಗಳು ಒಂದೇ ಊರಿನಲ್ಲಿ ಸೇರಿ ಆಡುವ ಫೈನಲ್ ಫೋರ್ ಪದ್ಧತಿಯಿದ್ದಾಗ ಎಲ್ಲವೂ ಒಂದೇ ಪಂದ್ಯದಲ್ಲಿ ತೀರ್ಮಾನವಾಗುತ್ತಿತ್ತು. 2010ರ ಜಾಗ್ರೆಬ್ ಫೈನಲ್ಲಿನಲ್ಲಿ ಹೆಚ್ಚುವರಿ ಅವಧಿ ಮುಗಿಯಲು 0.6 ಸೆಕೆಂಡು ಇದ್ದಾಗ ಬೋಯಾನ್ ಬೊಗ್ದಾನೊವಿಚ್ ಎಸೆತದಿಂದ ಜಾಗ್ರೆಬಿನ ಕ್ಲಬ್ಬಾದ ಸಿಬೋನಾ 74-72ರ ಮುನ್ನಡೆ ಪಡೆಯಿತು. ಉಳಿದ ಆ ಅರೆಕ್ಷಣದಲ್ಲಿ ಪಾರ್ತಿಜಾನಿನ ದುಶಾನ್ ಕೆತ್ಸ್‌ಮಾನ್ ಅಂಗಳದ ನಡುವಿನಿಂದ ಎಸೆದ ಚೆಂಡು ಬುಟ್ಟಿಗೆ ಬಿದ್ದು ಪಟ್ಟ 75-74ರಿಂದ ಬೆಲ್‌ಗ್ರೇಡಿಗೆ ಹೋಯಿತು. 2023ರ ಜೂನಿನಲ್ಲಿ ಬೆಲ್‌ಗ್ರೇಡಿನ ಇಬ್ಬರು ವೈರಿಗಳ ನಡುವಿನ ಫೈನಲ್ ಐದನೆಯ ಪಂದ್ಯದವರೆಗೂ ಎಳೆದು, ಜೆಲ್ಕೊ ಒಬ್ರಾದೊವಿಚ್ ಮಾರ್ಗದರ್ಶನದ ಪಾರ್ತಿಜಾನ್ ಹತ್ತು ವರ್ಷಗಳ ಬಳಿಕ ಪಟ್ಟ ಗೆದ್ದಿತು. ಮುಂದಿನ ವರ್ಷವೇ ಜ್ವೆಜ್ದಾ ಅದೇ ಎದುರಾಳಿಯನ್ನು 3-0ಯಿಂದ ಸೋಲಿಸಿತು.

ಪ್ಲೇಆಫ್ ಪಂದ್ಯಗಳನ್ನು ಚೌಕದೊಳಗೆ ಬರೆಯದೆ ಹಾಳೆಯ ಹಿಂಬದಿಯಲ್ಲಿ ಬರೆಯಿರಿ. ಅಲ್ಲಿ ಅಂತರಕ್ಕೆ ಬೆಲೆಯಿಲ್ಲ, ಗೆಲುವು ಮಾತ್ರ ಲೆಕ್ಕ. ಸರಣಿ ಆರಂಭವಾಗುವ ಮೊದಲು ಆ ಎರಡು ತಂಡಗಳ ಎದುರುಬದುರಿನ ಮನೆಗಳನ್ನು, ಚುಕ್ಕೆಗಳ ಸಮೇತ, ಹಿಂಬದಿಗೆ ಇಳಿಸಿಕೊಳ್ಳಿ. ಫೈನಲ್ ಮುಗಿದ ಮೇಲೂ ಹಾಳೆಯನ್ನು ಎಸೆಯಬೇಡಿ, ಆದರೆ ಮುಂದಿನ ವರ್ಷದ ಚೌಕವನ್ನು ಆಗಲೇ ಎಳೆಯಲೂ ಹೋಗಬೇಡಿ. ತಂಡಗಳ ಪಟ್ಟಿ ಬೇಸಿಗೆಯಲ್ಲಿ ಅಂತಿಮವಾಗುವವರೆಗೆ ಎಷ್ಟು ಮನೆಗಳು ಬೇಕೆಂದು ಹೇಳಲಾಗದು.