ಹೆಸರುಗಳ ಪಟ್ಟಿ ಓದಿ ಕೆಟ್ಟೆ

ಪುಣೆಯ ನಾರಾಯಣ ಪೇಠೆಯಲ್ಲಿ ನಮ್ಮ ಕಾಕಾರ ಪ್ರಿಂಟಿಂಗ್ ಪ್ರೆಸ್ ಇದೆ. ಅಲ್ಲಿನ ಫೈಲ್ ಸರ್ವರ್ ನೋಡಿಕೊಳ್ಳೋದು ನನ್ನ ಪಾಲಿಗೆ ಬಂದ ಕೆಲಸ. ಅದರಲ್ಲಿರೋದು ಡೆಬಿಯನ್ ಅನ್ನೋ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್. 2023ರ ಜೂನ್‌ನಲ್ಲಿ ಅದರ ಹೊಸ ಆವೃತ್ತಿ ಡೆಬಿಯನ್ 12 ಬಂತು. ಎರಡು ತಿಂಗಳು ತಡೆದು, ಆಗಸ್ಟ್‌ನ ಒಂದು ಭಾನುವಾರ ಅಪ್‌ಗ್ರೇಡ್‌ಗೆ ಕೂತೆ. ಗಣಪತಿ ಮಂಡಳಗಳ ಪಟ್ಟಿ (ವಂತಿಗೆ) ಪುಸ್ತಕ ಅಚ್ಚಾಗೋ ಹೊತ್ತಿನಲ್ಲಿ ಯಾರಾದರೂ ಸರ್ವರ್ ಮುಟ್ಟುತ್ತಾರಾ? ನಾನು ಮುಟ್ಟಿದೆ.

ಬ್ಯಾಕಪ್ ಇತ್ತು. ವೈಫೈ ಹೋದರೂ ಕೆಲಸ ನಿಲ್ಲಬಾರದು ಅಂತ ಸಂಪರ್ಕ ಕಡಿದರೂ ಕೆಲಸ ಓಡಿಸುತ್ತಿರೋ ಟಿಮಕ್ಸ್ ಒಳಗೇ, ಇಡೀ ಸಿಸ್ಟಮ್ ಹೊಸದು ಮಾಡೋ ಫುಲ್-ಅಪ್‌ಗ್ರೇಡ್ ಆಜ್ಞೆ ಓಡಿಸಿದೆ. ಮುಕ್ಕಾಲು ಗಂಟೆ ಚೆನ್ನಾಗಿ ಓಡಿ ಗಕ್ಕನೆ ನಿಂತಿತು. ಪರದೆಯ ಕೊನೆಯಲ್ಲಿ ಕೆಟ್ಟ ಪ್ಯಾಕೇಜುಗಳ (ಸಾಫ್ಟ್‌ವೇರ್ ಕಟ್ಟುಗಳ) ಹೆಸರು, ಸ್ವಲ್ಪ ಮೇಲೆ 'ಡಿಪೆಂಡೆನ್ಸಿ ಪ್ರಾಬ್ಲಮ್ಸ್', ಅಂದರೆ ಒಂದಕ್ಕೆ ಬೇಕಾದ ಇನ್ನೊಂದು ಸರಿಯಿಲ್ಲ ಅಂತ. ಅದನ್ನೇ ನಂಬಿ, ಮುರಿದ ಪ್ಯಾಕೇಜು ಸರಿ ಮಾಡೋ ಫಿಕ್ಸ್-ಬ್ರೋಕನ್ ಕೊಟ್ಟೆ. ಮತ್ತೆ ಕೊಟ್ಟೆ. ಅದೇ ಹಾಡು. ಒಂದು ಗಂಟೆ ಸುಮ್ನೆ ಹೋಯಿತು.

ಅಷ್ಟರಲ್ಲಿ ಕಾಕಾರ ಫೋನು: "ಮುಗೀತೇನೋ ತಮ್ಮಾ? ನಾಳೆ ಮುಂಜಾನೆ ಮಂಡಳದವರು ಬರ್ತಾರ."

ಆಮೇಲೆ ಬುದ್ಧಿ ಬಂತು. ಪ್ಯಾಕೇಜು ಹಾಕೋ-ತೆಗೆಯೋ ಎಪಿಟಿಯ ಟರ್ಮ್ ಲಾಗ್ (ಪರದೆಯಲ್ಲಿ ಬಂದದ್ದೆಲ್ಲ ಉಳಿಯೋ ಫೈಲು) ತೆರೆದು ಮೇಲಿನಿಂದ ಓದುತ್ತಾ ಬಂದೆ. ಮೊದಲ ತಪ್ಪು ಸಿಕ್ಕಿತು: ಯಂತ್ರ ಶುರುವಾಗೋಕೆ ಬೇಕಾದ ಇನಿಟ್‌ರಾಮ್‌ಎಫ್‌ಎಸ್ ಫೈಲು ಬರೆಯೋಕೆ ಜಾಗ ಇಲ್ಲ. ಉಳಿದದ್ದೆಲ್ಲ ಅದರ ಬಾಲ. ಡಿಸ್ಕ್ ನೋಡಿದರೆ ರೂಟ್ ಅನ್ನೋ ಮುಖ್ಯ ಭಾಗದಲ್ಲಿ ಬೇಕಾದಷ್ಟು ಜಾಗ. ಶುರುವಾಗೋ ಫೈಲುಗಳಿಗೇ ಮೀಸಲಾದ ಬೂಟ್ ಪಾರ್ಟಿಶನ್ ಮಾತ್ರ 236 ಎಂಬಿ, 100% ಭರ್ತಿ. ಕರ್ನಲ್ ಅಂದರೆ ಸಿಸ್ಟಮ್‌ನ ತಿರುಳು; ಹಳೇ 5.10 ಕರ್ನಲ್‌ಗಳು ಮೂರು, ಅವುಗಳ ಮೇಲೆ ಹೊಸ 6.1. ನಾನು ಶುರುವಿನಲ್ಲಿ ರೂಟ್ ಅಷ್ಟೇ ನೋಡಿದ್ದೆ.

ಹಳೇದನ್ನು ತೆಗೆಯೋಣ ಅಂದರೆ ಎಪಿಟಿ ಒಪ್ಪಲಿಲ್ಲ. ಮೊದಲು ಮುರಿದದ್ದನ್ನು ಸರಿ ಮಾಡು ಅಂತು. ಸರಿ ಮಾಡೋಕೆ ಜಾಗ ಬೇಕು! ಹುಚ್ಚು ಬಿಡೋ ತನಕ ಮದುವೆ ಆಗಲ್ಲ, ಮದುವೆ ಆಗೋ ತನಕ ಹುಚ್ಚು ಬಿಡಲ್ಲ ಅಂತಾರಲ್ಲ, ಹಾಗೆ. ಇಂಥ ಹೊತ್ತಿಗೆ ಎಪಿಟಿಯ ಕೆಳಗೆ ಕೆಲಸ ಮಾಡೋ ಡಿಪಿಕೆಜಿಯನ್ನೇ ನೇರ ಹಿಡಿಯಬೇಕು. ಯುನೇಮ್ ಆಜ್ಞೆಯಿಂದ ಈಗ ಓಡ್ತಿರೋ ಕರ್ನಲ್ ಯಾವುದು ಅಂತ ಎರಡು ಸಲ ನೋಡಿಕೊಂಡೆ. ಅದೊಂದನ್ನು ಬಿಟ್ಟು ಉಳಿದ ಎರಡು ಹಳೆಯವನ್ನು ಡಿಪಿಕೆಜಿಯ ಪರ್ಜ್ (ಪೂರ್ತಿ ಅಳಿಸೋ) ಆಯ್ಕೆಯಿಂದ ತೆಗೆದೆ. ನಂತರ ಕಾನ್ಫಿಗರ್ ಆಯ್ಕೆ ಕೊಟ್ಟು ಅರ್ಧಕ್ಕೆ ನಿಂತವನ್ನೆಲ್ಲ ಮುಗಿಸಿದೆ, ಫುಲ್-ಅಪ್‌ಗ್ರೇಡ್ ಇನ್ನೊಮ್ಮೆ ಓಡಿಸಿದೆ. ರೀಬೂಟ್ ಆಗಿ ಲಾಗಿನ್ ಬರೋವರೆಗೆ ಚಹಾ ಆರಿಹೋಗಿತ್ತು.

ಸೋಮವಾರ ಇನ್ನೊಂದು ಸಣ್ಣ ರಗಳೆ. ಬಿಲ್ಲಿನ ಸ್ಕ್ರಿಪ್ಟ್ ಏಳಲಿಲ್ಲ. ಅದು ಬರೆದಿರೋ ಪೈಥಾನ್ ಭಾಷೆಯ 3.9 ಹೋಗಿ 3.11 ಬಂದಿತ್ತು, ಪೈಥಾನ್ ಲೈಬ್ರರಿಗಳನ್ನು ಹಾಕೋ ಪಿಪ್ ಕೂಡ ಸಿಸ್ಟಮ್ ಪೈಥಾನ್‌ಗೆ ಏನೂ ಹಾಕಲ್ಲ ಅಂತು. ಸ್ಕ್ರಿಪ್ಟಿಗೆ ಬೇರೆ ವೆನ್ವ್ (ತನ್ನದೇ ಪ್ರತ್ಯೇಕ ಪೈಥಾನ್ ಜಾಗ) ಮಾಡಿಕೊಟ್ಟೆ. ಹತ್ತು ನಿಮಿಷದ ಕೆಲಸ.