‘ನೀವು’ ಹೋಗಿ ‘ನೀನು’ ಬಂದಾಗ: ಕ್ಯಾಶುವಾಲ್ಟಿ ನರ್ಸ್ ಆಗಿ ನನ್ನ ಅನುಭವ

ನನ್ನ ಬಲ ಮಣಿಕಟ್ಟಿನ ಮೇಲೆ ಸಣ್ಣದೊಂದು ಕಲೆ ಇದೆ. ಸ್ಟೀಲಿನ ಕಿಡ್ನಿ ಟ್ರೇ ಬಡಿದ ಗುರುತು. ಆಗ ನಾನು ಕ್ಯಾಶುವಾಲ್ಟಿಗೆ, ಅಂದರೆ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗಕ್ಕೆ, ಬಂದು ಮೂರು ತಿಂಗಳಾಗಿತ್ತು. ಎಸೆದವನು ರೌಡಿ ಅಲ್ಲ, ಕುಡಿದವನೂ ಅಲ್ಲ. ಎದೆನೋವು ಅಂತ ಅಪ್ಪನನ್ನು ಕರೆತಂದ ಮಗ. ಇಸಿಜಿ ತೆಗೆದಿದ್ದೆವು, ಡ್ಯೂಟಿ ಡಾಕ್ಟರ್ ಅದನ್ನು ನೋಡಿ ಆಕ್ಸಿಡೆಂಟ್ ಕೇಸಿನ ಕಡೆ ಓಡಿದ್ದರು. ಮಗನಿಗೆ ಮಾತ್ರ ಯಾರೂ ಏನೂ ಹೇಳಿರಲಿಲ್ಲ. ನಾಲ್ಕನೇ ಸಲ ಬಂದು ಕೇಳಿದಾಗ ನಾನು ತಲೆ ಕೂಡ ಎತ್ತದೆ, "ಸುಮ್ನೆ ಗಲಾಟೆ ಮಾಡ್ಬೇಡಿ, ಹೋಗಿ ಕೂತ್ಕೊಳ್ಳಿ" ಅಂದೆ.

ಎಸೆದದ್ದು ಅವನ ತಪ್ಪೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದಕ್ಕೂ ಮುಂಚೆ ಅರ್ಧ ಗಂಟೆ ಅವನು ಮೈಯಲ್ಲೆಲ್ಲ ಸೂಚನೆ ಕೊಡುತ್ತಲೇ ಇದ್ದ. ನನಗೆ ಗೊತ್ತಾಗಲಿಲ್ಲ.

ಈಗ ಗೊತ್ತಾಗುತ್ತದೆ. ಕೋಪ ಏರುತ್ತಿರುವವರು ಕೂರಲಾರದೆ ಬಾಗಿಲಿಂದ ಬೆಡ್‌ಗೆ, ಬೆಡ್‌ನಿಂದ ಬಾಗಿಲಿಗೆ ಓಡಾಡುತ್ತಾರೆ. ಒಂದೇ ಪ್ರಶ್ನೆಯನ್ನು ನನಗೆ, ಆಯಾಗೆ, ಸೆಕ್ಯೂರಿಟಿಗೆ ಕೇಳುತ್ತಾರೆ. ಇನ್ನೊಂದು ಗುರುತು ನಮ್ಮ ಭಾಷೆಯಲ್ಲೇ ಇದೆ: "ಸಿಸ್ಟರ್, ನೋಡ್ತೀರಾ" ಅನ್ನುತ್ತಿದ್ದವರು "ಏಯ್, ನೋಡ್ತೀಯೋ ಇಲ್ವೋ" ಅಂದರೆ ನಾನು ಕೈಯಲ್ಲಿರುವ ಕೆಲಸ ಬಿಟ್ಟು ಎದ್ದು ನಿಲ್ಲುತ್ತೇನೆ. ಆದರೆ ನನಗೆ ಜಾಸ್ತಿ ಭಯ ಆಗುವುದು ಕಿರುಚುವವರನ್ನು ಕಂಡಲ್ಲ. ಇಷ್ಟು ಹೊತ್ತು ಕೂಗಾಡಿ ಒಮ್ಮೆಲೇ ಸುಮ್ಮನಾಗಿ, ಹಲ್ಲು ಕಚ್ಚಿಕೊಂಡು, ಟ್ರಾಲಿ ಮೇಲೆ ಏನೇನಿದೆ ಅಂತ ನೋಡುವವರನ್ನು ಕಂಡು. ಹಾಗೆಯೇ ಒಂದು ಗಂಟೆ ತಡವಾಗಿ ಟೆಂಪೋದಲ್ಲಿ ಬಂದಿಳಿಯುವ ನೆಂಟರು. ಏನೂ ನೋಡಿರುವುದಿಲ್ಲ, ಕೋಪ ಮಾತ್ರ ಎಲ್ಲರಿಗಿಂತ ಹೆಚ್ಚು!

ಹತ್ತಿರ ಹೋಗುವ ಮುಂಚೆ ಸ್ಟೆತಸ್ಕೋಪನ್ನು ಕೊರಳಿಂದ ತೆಗೆಯುತ್ತೇನೆ. ಐಡಿ ಕಾರ್ಡಿನ ಟ್ಯಾಗ್ ಕೂಡ; ಹಿಡಿದು ಎಳೆಯಲು ಅದಕ್ಕಿಂತ ಸುಲಭದ್ದು ಬೇರೆ ಇಲ್ಲ. ಎರಡು ತೋಳಿನಷ್ಟು ದೂರ, ಸ್ವಲ್ಪ ಓರೆಯಾಗಿ ನಿಲ್ಲುತ್ತೇನೆ. ನನ್ನ ಹಿಂದೆ ಗೋಡೆ ಇರಬಾರದು, ಅವರ ದಾರಿಗೆ ನಾನೂ ಅಡ್ಡ ಇರಬಾರದು. "ಸಮಾಧಾನ ಮಾಡ್ಕೊಳ್ಳಿ" ಅನ್ನುವ ಮಾತನ್ನು ಬಿಟ್ಟು ವರ್ಷಗಳಾದವು. ಅದನ್ನು ಕೇಳಿ ಸಮಾಧಾನ ಆದವರನ್ನು ನಾನು ನೋಡಿಲ್ಲ. ಬದಲಿಗೆ ಗೊತ್ತಿರುವುದನ್ನು ಹೇಳುತ್ತೇನೆ: "ಅಣ್ಣ, ನಿಮ್ ತಂದೆ ಇಸಿಜಿ ಡಾಕ್ಟರ್ ನೋಡಿದಾರೆ. ಬ್ಲಡ್ ರಿಪೋರ್ಟ್‌ಗೆ ಒಂದು ಗಂಟೆ ಬೇಕು. ಕಾಲು ಗಂಟೆ ಬಿಟ್ಟು ನಾನೇ ಬಂದು ಹೇಳ್ತೀನಿ." ಕಾಲು ಗಂಟೆಗೆ ಹೋಗಲೇಬೇಕು, ಹೊಸದೇನೂ ಇಲ್ಲದಿದ್ದರೂ. ಹೋಗದಿದ್ದರೆ ಮೊದಲು ಹೇಳಿದ್ದೂ ಸುಳ್ಳಾಗುತ್ತದೆ. ಹತ್ತು ಜನ ಇದ್ದರೆ "ನಿಮ್ಮಲ್ಲಿ ಹಿರಿಯರು ಯಾರು?" ಅಂತ ಕೇಳಿ ಒಬ್ಬರನ್ನೇ ಒಳಗೆ ಕರೆದು, ಕುರ್ಚಿ ಕೊಟ್ಟು ಮಾತಾಡುತ್ತೇನೆ.

ಕೈ ಎತ್ತಿದರೆ ಮಾತು ಮುಗಿಯಿತು. ನಮ್ಮಲ್ಲಿರುವುದು ಆರೇ ಬೆಡ್. ಯಾರಾದರೂ "ಏಳನೇ ಬೆಡ್‌ಗೆ ಬೆಡ್‌ಶೀಟ್ ತನ್ನಿ" ಅಂದರೆ ಸೆಕ್ಯೂರಿಟಿಗೆ ಅರ್ಥ ಆಗುತ್ತದೆ.

ಪೇಷಂಟೇ ಹೊಡೆಯಲು ಬಂದರೆ ಲೆಕ್ಕ ಬೇರೆ. ಒಂದು ರಾತ್ರಿ ಒಬ್ಬರು ಬಾಯಿಗೆ ಬಂದ ಹಾಗೆ ಬೈಯುತ್ತಾ ವಾರ್ಡ್ ಬಾಯ್ ಕೈ ಕಚ್ಚಿದರು. "ಕುಡ್ದಿರ್ಬೇಕು ಬಿಡಿ" ಅಂದರು ಜೊತೆಗೆ ಬಂದವರು. ಗ್ಲೂಕೋಮೀಟರ್ ಹಚ್ಚಿದರೆ ಶುಗರ್ 38. 70ಕ್ಕಿಂತ ಕೆಳಗಿಳಿದರೇ ಕಡಿಮೆ ಅಂತ ಲೆಕ್ಕ. ಐವಿಯಲ್ಲಿ ಡೆಕ್ಸ್‌ಟ್ರೋಸ್, ಅಂದರೆ ಸಕ್ಕರೆ ದ್ರಾವಣ, ಹೋದ ಸ್ವಲ್ಪ ಹೊತ್ತಿಗೆ, "ಇದ್ಯಾವ ಆಸ್ಪತ್ರೆ ಅಮ್ಮಾ?" ಅಂತ ಮೆತ್ತಗೆ ಕೇಳಿದರು. ಅವತ್ತಿಂದ ಬೈಯುವ ಪೇಷಂಟ್ ಬಂದರೆ ಮೊದಲು ಶುಗರ್, ಆಮ್ಲಜನಕ, ತಲೆಗೆ ಪೆಟ್ಟು ಬಿದ್ದಿದೆಯಾ ಅಂತ ನೋಡುತ್ತೇವೆ. ಇನ್ನೊಂದು, ಕಾಲು ಮುರಿದು ಅಡ್ಮಿಟ್ ಆದವರು ಎರಡು ಮೂರು ದಿನಕ್ಕೆ ಗೋಡೆ ಮೇಲೆ ಹುಳ ಕಾಣುತ್ತಿದೆ ಅಂತ ಡ್ರಿಪ್ ಕಿತ್ತೆಸೆಯುವುದು. ದಿನಾ ಕುಡಿಯುವವರಿಗೆ ಕುಡಿತ ಒಮ್ಮೆಲೇ ನಿಂತರೆ ಹೀಗಾಗಬಹುದು, ಪ್ರಾಣಕ್ಕೂ ಅಪಾಯ. ಅದಕ್ಕೇ ಅಡ್ಮಿಷನ್ ದಿನವೇ "ಕೊನೆಗೆ ಕುಡಿದದ್ದು ಯಾವಾಗ?" ಅಂತ ಕೇಳಿ ಬರೆದಿಡಬೇಕು. ಹೆಂಡತಿ ಎದುರಿಗಲ್ಲ. ಸುಳ್ಳು ಹೇಳುತ್ತಾರೆ.

ನಮ್ಮ ರಾಜ್ಯದಲ್ಲಿ 2009ರಿಂದ ವೈದ್ಯಕೀಯ ಸಿಬ್ಬಂದಿ ಮೇಲಿನ ಹಲ್ಲೆಗೆ ಪ್ರತ್ಯೇಕ ಕಾನೂನಿದೆ, ಜಾಮೀನು ಸಿಗದ ಅಪರಾಧ. ಆದರೂ ಟ್ರೇ ಬಿದ್ದ ದಿನ ಯಾರೂ ಒಂದು ಸಾಲು ಬರೆಯಲಿಲ್ಲ. "ಯಾಕಮ್ಮಾ ಸುಮ್ನೆ ಪೊಲೀಸು ಗಿಲೀಸು" ಅಂದರು. ನಾನೂ ಹೊಲಿಗೆ ಹಾಕಿಸಿಕೊಂಡು ಡ್ಯೂಟಿ ಮುಗಿಸಿದೆ. ಆಮೇಲೆ ಒಂದು ನೋಟ್‌ಬುಕ್ ಇಟ್ಟೆ. ಶಿಫ್ಟ್ ಮುಗಿಯುವ ಮುಂಚೆ ಸಮಯ, ಯಾರಿದ್ದರು, ಆಡಿದ ಮಾತು ಆಡಿದ ಹಾಗೇ. "ಅಸಭ್ಯವಾಗಿ ವರ್ತಿಸಿದರು" ಅಂತ ಬರೆದರೆ ಏನೂ ಗೊತ್ತಾಗಲ್ಲ, ಅಲ್ವಾ?

ಆ ನೋಟ್‌ಬುಕ್ ನೆರವಿಗೆ ಬಂದದ್ದು ನಮ್ಮವರದೇ ವಿಷಯದಲ್ಲಿ. ಹಿರಿಯ ಡಾಕ್ಟರೊಬ್ಬರಿಗೆ ರೌಂಡ್ಸ್‌ನಲ್ಲಿ ಫೈಲ್ ಎಸೆಯುವ ಚಟ. ಹೊರಗಿನವರು ಎಸೆದರೆ ಗಲಾಟೆ, ಇವರು ಎಸೆದರೆ "ಸರ್ ಮೂಡ್ ಸರಿ ಇಲ್ಲ" ಅಷ್ಟೆ. ಮೂರು ಜನ ನರ್ಸ್‌ಗಳು ಎರಡು ತಿಂಗಳು ತಾರೀಖು ಹಾಕಿ ಬರೆದೆವು. ಒಬ್ಬೊಬ್ಬರೇ ಹೋಗದೆ, ಮೂವರೂ ಒಟ್ಟಿಗೆ ನರ್ಸಿಂಗ್ ಸೂಪರಿಂಟೆಂಡೆಂಟ್ ಮೇಡಂ ಮುಂದೆ ಇಟ್ಟೆವು. ಮೇಡಂ ಅದನ್ನು ತೆಗೆದುಕೊಂಡು ಆ ಡಾಕ್ಟರ್ ರೂಮಿಗೆ ಹೋದರು. ಒಳಗೆ ಏನು ಮಾತಾಯಿತೋ ಗೊತ್ತಿಲ್ಲ. ಡಾಕ್ಟರ್ ಸಾರಿ ಏನೂ ಕೇಳಲಿಲ್ಲ. ಆದರೆ ಈಗ ಫೈಲನ್ನು ಮೇಜಿನ ಮೇಲೇ ಇಡುತ್ತಾರೆ, ಸ್ವಲ್ಪ ಜೋರಾಗಿ.